ಗೇರ್ ಹಾಕಿದಾಗ ಸಿಡಿಯುವ ಅರಳು: ನಾಕಿಂಗ್ ನಿಲ್ಲಲು ಟೈಮಿಂಗ್ ಹೊಂದಿಸುವ ಬಗೆ

ನಾಗರ ಪಂಚಮಿಗೆ ಜೋಳದ ಅರಳು ಹುರಿಯುವ ಮನೆಯಲ್ಲಿ ಬೆಳೆದವರಿಗೆ ಈ ಸದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾದ ಬಾಣಲಿಗೆ ಜೋಳ ಬಿದ್ದ ಕೂಡಲೇ ಪಟಪಟ ಸಿಡಿಯುತ್ತದಲ್ಲ, ಅದರ ಮೇಲೊಂದು ತಗಡಿನ ಮುಚ್ಚಳ ಹಾಕಿದರೆ ಹೇಗೆ ಕೇಳುತ್ತದೋ ಹಾಗೆ. ನನ್ನ ಹಳೆಯ ಕಾರ್ಬುರೇಟರ್ ಓಮ್ನಿಯಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಸರಕ್ಕನೆ ಹಾಕಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಆ ಅರಳು ಸಿಡಿಯುತ್ತಿತ್ತು. ನಾಕಿಂಗ್ ಎನ್ನುವುದು ಇದನ್ನೇ. ಒಂದೆರಡು ಸೆಕೆಂಡು ಸದ್ದು, ಆಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನೆ. ಓಮ್ನಿಯ ಎಂಜಿನ್ ಇರುವುದೇ ಮುಂದಿನ ಸೀಟಿನ ಅಡಿಯಲ್ಲಿ. ಕೇಳಿಸಿದ್ದನ್ನು ಕೇಳಿಸಲಿಲ್ಲ ಎಂದುಕೊಳ್ಳಲೂ ಆಗುವುದಿಲ್ಲ.

ಬಳ್ಳಾರಿಯ ಒಂದು ಗ್ಯಾರೇಜಿಗೆ ಒಯ್ದೆ. "ಟೈಮಿಂಗ್ ಮುಂದೈತಿ ಸರ, ಎರಡು ನಿಮಿಷದ ಕೆಲಸ" ಎಂದ ಹುಡುಗ. ಟೈಮಿಂಗ್ ಎಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತು. ಸೀಟು ಎತ್ತಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಅಂದಾಜಿನ ಮೇಲೆ ಒಂದಿಷ್ಟು ತಿರುವಿ ಬಿಗಿ ಮಾಡಿದ. ಸದ್ದು ನಿಂತಿತು. ಅದರ ಜೊತೆಗೆ ಪಿಕಪ್ಪೂ ನಿಂತಿತು. ಹೊಸಪೇಟೆಗೆ ಹೊರಟವನು ತೋರಣಗಲ್ಲು ಮುಟ್ಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಎಂದೂ ಹತ್ತದ ಜಾಗಕ್ಕೆ ಹತ್ತಿತ್ತು. ಸೀಟು ಕಾದ ಹಂಚಿನಂತಾಗಿತ್ತು. ಮೈಲೇಜಿನ ಮಾತು ಬೇಡ.

ಆಮೇಲೆ ಕೌಲ್ ಬಜಾರ್ ಕಡೆಯ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಹೋದೆ. ಅವರು ಪಾನಾ ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು ಇಷ್ಟು: "ಸಾವಕಾಶ ಗೇರ್ ಹಾಕಿದ್ರೂ ಬರ್ತೈತೇನು ತಮ್ಮಾ, ಇಲ್ಲಾ ಜಲ್ದಿ ಹಾಕಿದಾಗಷ್ಟೇ ಬರ್ತೈತಾ?" ಜಲ್ದಿ ಹಾಕಿದಾಗ ಮಾತ್ರ ಎಂದೆ. "ಹಂಗಾದ್ರ ಟೈಮಿಂಗ್ ಮುಂದೈತಿ ಅಂತಲ್ಲ. ಮುಂದ ಹೋಗಿದ್ದು ವಾಪಸ್ ಬರವಲ್ದು."

ಈ ಲೇಖನ ಆ ಒಂದು ಮಾತಿನ ವಿಸ್ತರಣೆ. ಡಿಸ್ಟ್ರಿಬ್ಯೂಟರ್ ಇರುವ ಕಾರ್ಬುರೇಟರ್ ಗಾಡಿಗಳಿಗೆ, ಎಂದರೆ ಹಳೆಯ ಮಾರುತಿ, ಅಂಬಾಸಿಡರ್, ಪದ್ಮಿನಿ, ಪೆಟ್ರೋಲ್ ಜೀಪುಗಳಿಗೆ, ಇದು ನೇರವಾಗಿ ಹೊಂದುತ್ತದೆ. ಪಾಯಿಂಟ್ (ತೆರೆದಾಗ ಕಿಡಿ ಹುಟ್ಟಿಸುವ ಸ್ವಿಚ್ಚು) ಇರುವ ಬುಲೆಟ್‌ಗೂ ಹೊಸ ಗಾಡಿಗಳಿಗೂ ಕೊನೆಯಲ್ಲಿ ಒಂದೆರಡು ಮಾತು ಇವೆ.

ಸದ್ದು ಯಾವುದೆಂದು ಮೊದಲು ಗೊತ್ತಾಗಲಿ

ಗೇರ್ ಬದಲಿಸುವಾಗ ಬರುವ ಸದ್ದೆಲ್ಲ ನಾಕಿಂಗ್ ಅಲ್ಲ. ಕ್ಲಚ್ ಬಿಟ್ಟ ಕ್ಷಣ ಒಂದೇ ಒಂದು 'ಟಕ್' ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿರಬಹುದು, ಇಲ್ಲವೇ ಎಂಜಿನ್ ಮೌಂಟಿಂಗಿನ ರಬ್ಬರ್ ಹರಿದಿರಬಹುದು. ಕಾಲು ಒತ್ತಿದರೂ ಬಿಟ್ಟರೂ ಒಂದೇ ತೆರನಾಗಿ ಚಿಟಿಚಿಟಿ ಎನ್ನುತ್ತಿದ್ದರೆ ಟ್ಯಾಪೆಟ್. ಆಳದಿಂದ ದಡದಡ ಬಡಿಯುತ್ತಾ ಆಯಿಲ್ ದೀಪವೂ ಮಿಣುಕುತ್ತಿದ್ದರೆ ಬೇರಿಂಗ್ ಹೋಗಿದೆ. ಗಾಡಿ ಅಲ್ಲೇ ನಿಲ್ಲಿಸಿ, ಟೈಮಿಂಗ್ ವಿಚಾರ ಆಮೇಲೆ. ನಾಕಿಂಗ್ ಗುರುತು ಹಿಡಿಯಲು ಒಂದು ಸುಲಭ ದಾರಿಯಿದೆ: ಎಂಜಿನ್ ಮೇಲೆ ಭಾರ ಬಿದ್ದಾಗ ಸಾಲಾಗಿ ಸಿಡಿಯುತ್ತದೆ, ಆಕ್ಸಿಲರೇಟರಿನಿಂದ ಕಾಲು ಅರ್ಧ ಎತ್ತಿದೊಡನೆ ನಿಲ್ಲುತ್ತದೆ.

ಗೇರ್ ಬಿದ್ದ ಆ ಅರೆಕ್ಷಣ

ಪ್ಲಗ್ ಕಿಡಿ ಹಾರಿಸುವುದು ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ. ಪೆಟ್ರೋಲ್ ಗಾಳಿಯ ಮಿಶ್ರಣ ಪಟಾಕಿಯಂತೆ ಒಮ್ಮೆಗೇ ಸಿಡಿಯುವುದಿಲ್ಲ, ಬಣವೆಗೆ ಬೆಂಕಿ ಬಿದ್ದಂತೆ ಒಂದು ಕಡೆಯಿಂದ ಹಬ್ಬಿಕೊಂಡು ಹೋಗುತ್ತದೆ. ಹಬ್ಬಿ ಮುಗಿದು, ಒತ್ತಡದ ತುದಿ ಪಿಸ್ಟನ್ ಟಿಡಿಸಿ (ಆ ಮೇಲಿನ ತುದಿ) ದಾಟಿ 12ರಿಂದ 16 ಡಿಗ್ರಿ ಇಳಿದಾಗ ಬಂದರೆ ಕ್ರ್ಯಾಂಕಿಗೆ ಒಳ್ಳೆಯ ತಳ್ಳು ಸಿಗುತ್ತದೆ. ಅದಕ್ಕಾಗಿಯೇ ಕಿಡಿಯನ್ನು ಮುಂಚಿತವಾಗಿ ಕೊಡುವುದು, ಅಡ್ವಾನ್ಸ್ ಎನ್ನುವುದು ಅದನ್ನೇ.

ಎಷ್ಟು ಮುಂಚಿತ ಎಂಬುದು ಎಂಜಿನ್ ವೇಗವನ್ನು ನೋಡಿಕೊಂಡು. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ಸುತ್ತುತ್ತದೆ. 1500ರಲ್ಲಿ 9 ಡಿಗ್ರಿ ಮಾತ್ರ. ಬೆಂಕಿ ಹಬ್ಬುವ ಹೊತ್ತು ಅದೇ ಲೆಕ್ಕದಲ್ಲಿ ಕುಗ್ಗುವುದಿಲ್ಲ, ಆದ್ದರಿಂದ ವೇಗ ಏರಿದಂತೆ ಕಿಡಿ ಮುಂದೆ ಹೋಗಬೇಕು, ಇಳಿದಂತೆ ಹಿಂದೆ ಬರಬೇಕು. ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಸ್ಪ್ರಿಂಗ್ ಕಟ್ಟಿದ ಎರಡು ಚಿಕ್ಕ ತೂಕಗಳು ಇರುವುದು ಇದಕ್ಕೆ. ವೇಗಕ್ಕೆ ಅವು ಹೊರಕ್ಕೆ ಚಾಚಿ ಕಿಡಿಯನ್ನು ಮುಂದೆ ತಳ್ಳುತ್ತವೆ, ವೇಗ ಇಳಿದಾಗ ಸ್ಪ್ರಿಂಗ್ ಅವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ತಟ್ಟೆಯಾಕಾರದ ವ್ಯಾಕ್ಯೂಮ್ ಡಬ್ಬಿಯೂ ಇರುತ್ತದೆ. ಕಾಲು ಹಗುರವಾಗಿಟ್ಟು ಓಡಿಸುವಾಗ ಸಿಲಿಂಡರಿಗೆ ಹೋಗುವ ಮಿಶ್ರಣ ತೆಳು, ಉರಿಯಲು ಹೊತ್ತು ಬೇಕು, ಅದಕ್ಕೆ ಈ ಡಬ್ಬಿ ಇನ್ನಷ್ಟು ಅಡ್ವಾನ್ಸ್ ಸೇರಿಸುತ್ತದೆ. ಕಾಲು ಪೂರ್ತಿ ಒತ್ತಿದರೆ ವ್ಯಾಕ್ಯೂಮ್ ಹೋಗುತ್ತದೆ, ಸೇರಿಸಿದ ಅಡ್ವಾನ್ಸೂ ಹೋಗಬೇಕು.

ಈಗ ಗೇರ್ ಬದಲಿಸಿ. ಎರಡರಲ್ಲಿ 4000 ಇದ್ದದ್ದು ಮೂರಕ್ಕೆ ಬಿದ್ದೊಡನೆ 2500ರ ಹತ್ತಿರ ಇಳಿಯುತ್ತದೆ. ಅದೇ ಕ್ಷಣ ನೀವು ಕಾಲನ್ನು ಪೂರ್ತಿ ಒತ್ತುತ್ತೀರಿ. ಸಿಲಿಂಡರ್ ತುಂಬ ಮಿಶ್ರಣ, ಪಿಸ್ಟನ್ ನಿಧಾನ. ಕಿಡಿಯ ಬೆಂಕಿ ಇನ್ನೂ ಮುಟ್ಟದ ಮೂಲೆಯ ಮಿಶ್ರಣ ಒತ್ತಡದಲ್ಲಿ ಸಿಕ್ಕಿ ಬೇಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಅಡ್ವಾನ್ಸ್ ಇನ್ನೂ 4000ದ ಜಾಗದಲ್ಲೇ ನಿಂತಿದ್ದರೆ ಆ ಮೂಲೆ ತಾನಾಗಿಯೇ ಭಗ್ಗೆನ್ನುತ್ತದೆ. ನಾವು ಕೇಳುವ ಅರಳು ಅದೇ. ಸಾವಕಾಶವಾಗಿ ಗೇರ್ ಹಾಕಿದರೆ ಜಡ್ಡುಗಟ್ಟಿದ ತೂಕಗಳಿಗೂ ವಾಪಸ್ ಬರಲು ಸಮಯ ಇರುತ್ತದೆ. ಮೇಸ್ತ್ರಿ ಕೇಳಿದ ಪ್ರಶ್ನೆಯ ಗುಟ್ಟು ಇಷ್ಟೇ. ನಿಧಾನಕ್ಕೆ ಹಾಕಿದರೂ, ಏರಿನಲ್ಲೂ, ಸಮದಲ್ಲೂ ಸಿಡಿಯುತ್ತಿದ್ದರೆ ಬೇಸ್ ಟೈಮಿಂಗೇ, ಎಂದರೆ ತೂಕ, ಡಬ್ಬಿ ಏನೂ ಸೇರಿಸದಿದ್ದಾಗಿನ ಮೂಲ ಟೈಮಿಂಗೇ, ಮುಂದಿದೆ. ಜಲ್ದಿ ಹಾಕಿದಾಗ ಮಾತ್ರ ಆದರೆ ವಾಪಸಾತಿಯ ತಕರಾರು.

ಪಾನಾ ಹಿಡಿಯುವ ಮೊದಲು

ಬೇಕಾದ ಸಾಮಾನು ಹೆಚ್ಚೇನಿಲ್ಲ: ಕಿಡಿ ಹಾರಿದಾಗೆಲ್ಲ ಮಿಣುಕುವ ಒಂದು ಟೈಮಿಂಗ್ ಲೈಟ್, ಗ್ಯಾಪ್ ಅಳೆಯುವ ಫೀಲರ್ ಗೇಜ್, ಡಿಸ್ಟ್ರಿಬ್ಯೂಟರ್ ಬೋಲ್ಟಿಗೆ ಸರಿಹೋಗುವ ಪಾನಾ, ಮೆಡಿಕಲ್ ಶಾಪಿನ 50 ಎಂಎಲ್ ಸಿರಿಂಜು, ಅದಕ್ಕೆ ಕೂಡುವ ಒಂದು ಗೇಣು ರಬ್ಬರ್ ಪೈಪು, ಬಿಳಿ ಪೇಂಟಿನ ಚಿಕ್ಕ ಡಬ್ಬಿ. ಆರ್‌ಪಿಎಂ ತೋರಿಸುವ ಮೀಟರ್ ಕೆಲವು ಟೈಮಿಂಗ್ ಲೈಟುಗಳಲ್ಲೇ ಇರುತ್ತದೆ, ಅಂಥದ್ದು ಸಿಕ್ಕರೆ ಒಳ್ಳೆಯದು.

ನಿಮ್ಮ ಎಂಜಿನ್ನಿನ ಬೇಸ್ ಟೈಮಿಂಗ್ ಎಷ್ಟು ಡಿಗ್ರಿ, ಐಡಲ್ (ಕಾಲು ಒತ್ತದಿದ್ದಾಗ ಎಂಜಿನ್ ಓಡುವ ವೇಗ) ಎಷ್ಟು ಎಂಬುದು ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲೋ ಸರ್ವಿಸ್ ಮ್ಯಾನ್ಯುಯಲಿನಲ್ಲೋ ಇರುತ್ತದೆ. ಅದನ್ನು ಹುಡುಕಿಕೊಂಡೇ ಕೆಲಸ ಶುರು ಮಾಡಿ. ಪಕ್ಕದ ಗಾಡಿಗೆ ಇಟ್ಟ ನಂಬರ್ ನಿಮ್ಮ ಗಾಡಿಗೆ ಬರುವುದಿಲ್ಲ, ಒಂದೇ ಮಾಡೆಲ್ ಆದರೂ ವರ್ಷ ಬದಲಾದರೆ ಡಿಸ್ಟ್ರಿಬ್ಯೂಟರ್ ಬದಲಾಗಿರಬಹುದು.

ಜಾಗ್ರತೆಯ ಮಾತು ಒಂದನ್ನು ಹೇಳಲೇಬೇಕು. ಟೈಮಿಂಗ್ ಲೈಟಿನ ಬೆಳಕು ಮಿಣುಕುವ ಲಯಕ್ಕೆ ತಿರುಗುವ ಪುಲಿಯೂ ಫ್ಯಾನೂ ನಿಂತಂತೆ ಕಾಣುತ್ತವೆ. ನಿಂತಿರುವುದಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದಿಡಿ, ಲುಂಗಿಯಲ್ಲಿ ಈ ಕೆಲಸ ಬೇಡ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ.

ಬೇಸ್ ಟೈಮಿಂಗ್: ಇದು ಅಡಿಪಾಯ, ಮದ್ದಲ್ಲ

ಮೊದಲು ಗುರುತು ನಿಜವೋ ಸುಳ್ಳೋ ನೋಡಿ. ಕೆಲವು ಗಾಡಿಗಳಲ್ಲಿ ಟೈಮಿಂಗ್ ಗುರುತು ಮುಂದಿನ ಪುಲಿಯ ಮೇಲಿರುತ್ತದೆ, ಕೆಲವದರಲ್ಲಿ ಫ್ಲೈವೀಲ್ ಮೇಲೆ, ರಬ್ಬರ್ ಬಿರಡೆ ತೆಗೆದು ಕಿಂಡಿಯಲ್ಲಿ ಇಣುಕಬೇಕು. ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳಿಟ್ಟು ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ. ಗಾಳಿ ಹೆಬ್ಬೆರಳನ್ನು ಹೊರಕ್ಕೆ ನೂಕಿದರೆ ಕಂಪ್ರೆಶನ್ ಹೊಡೆತ. ಆಗ ಒಂದು ಉದ್ದನೆಯ ಪ್ಲಾಸ್ಟಿಕ್ ಸ್ಟ್ರಾ ಇಳಿಬಿಟ್ಟು, ಅದು ಏರಿ ನಿಂತು ಇಳಿಯಲು ಶುರುವಾಗುವ ನಡುಬಿಂದುವನ್ನು ಗಮನಿಸಿ. ಅದು ಟಿಡಿಸಿ. ಸೊನ್ನೆಯ ಗುರುತು ಅಲ್ಲಿಗೆ ಹೊಂದದಿದ್ದರೆ ಪುಲಿಯ ರಬ್ಬರ್ ಜಾರಿದೆ ಎಂದರ್ಥ. ಜಾರಿದ ಗುರುತು ನೋಡಿ ಎಷ್ಟು ಟೈಮಿಂಗ್ ಮಾಡಿದರೂ ನೀರ ಮೇಲೆ ಬರೆದಂತೆ. ಸರಿಯಿದ್ದರೆ ಗುರುತಿಗೆ ಬಿಳಿ ಪೇಂಟ್ ಹಚ್ಚಿ.

ಪಾಯಿಂಟ್ ಇರುವ ಗಾಡಿಯಾದರೆ ಟೈಮಿಂಗಿಗೂ ಮೊದಲು ಪಾಯಿಂಟ್ ಗ್ಯಾಪ್ ಹೊಂದಿಸಬೇಕು. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ತಾನಾಗಿ ಮುಂದೆ ಹೋಗುತ್ತದೆ. ಟೈಮಿಂಗ್ ಮಾಡಿ ಮುಗಿಸಿ ಆಮೇಲೆ ಪಾಯಿಂಟ್ ಉಜ್ಜುವವರು ಮಾಡಿದ ಕೆಲಸವನ್ನು ತಾವೇ ಕೆಡಿಸುತ್ತಾರೆ. ಸುಟ್ಟು ಗುಳಿ ಬಿದ್ದ ಪಾಯಿಂಟನ್ನು ಉಜ್ಜುವ ಬದಲು ಬದಲಾಯಿಸಿ.

ಎಂಜಿನ್ ಪೂರ್ತಿ ಬಿಸಿಯಾಗಲಿ. ವ್ಯಾಕ್ಯೂಮ್ ಡಬ್ಬಿಗೆ ಹೋಗುವ ಪೈಪ್ ಬಿಚ್ಚಿ, ಕಾರ್ಬುರೇಟರ್ ಕಡೆಯ ತುದಿಗೆ ಒಂದು ಬೋಲ್ಟ್ ತುರುಕಿ ಮುಚ್ಚಿ. ಐಡಲ್ ಸರಿ ಮಾಡಿ. ಐಡಲ್ ಜಾಸ್ತಿಯಿದ್ದರೆ ತೂಕಗಳು ಆಗಲೇ ಅರ್ಧ ಚಾಚಿರುತ್ತವೆ, ನೀವು ಓದುವ ಸಂಖ್ಯೆ ಸುಳ್ಳಾಗುತ್ತದೆ. ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಒಂದನೇ ಸಿಲಿಂಡರಿನ ವೈರಿಗೆ ಹಾಕಿ ಬೆಳಕು ಬಿಡಿ.

ಡಿಸ್ಟ್ರಿಬ್ಯೂಟರ್ ಬಿಗಿಯಾಗಿ ತಿರುಗುವಷ್ಟೇ ಬೋಲ್ಟ್ ಸಡಿಲಿಸಿ. ಒಳಗೆ ಸುತ್ತುವ ರೋಟರ್ ಯಾವ ಕಡೆ ತಿರುಗುತ್ತದೋ ಡಿಸ್ಟ್ರಿಬ್ಯೂಟರ್ ಮೈಯನ್ನು ಅದೇ ಕಡೆ ತಿರುಗಿಸಿದರೆ ಟೈಮಿಂಗ್ ಹಿಂದೆ, ಎದುರಿಗೆ ತಿರುಗಿಸಿದರೆ ಮುಂದೆ. ಇಲ್ಲೊಂದು ಲೆಕ್ಕ ಬಹಳ ಮಂದಿಗೆ ತಪ್ಪುತ್ತದೆ. ಕ್ರ್ಯಾಂಕ್ ಎರಡು ಸುತ್ತಿದಾಗ ಡಿಸ್ಟ್ರಿಬ್ಯೂಟರ್ ಒಂದು ಸುತ್ತು. ಹಾಗಾಗಿ ಡಿಸ್ಟ್ರಿಬ್ಯೂಟರನ್ನು 1 ಡಿಗ್ರಿ ತಿರುಗಿಸಿದರೆ ಟೈಮಿಂಗ್ 2 ಡಿಗ್ರಿ ಬದಲಾಗುತ್ತದೆ. 60 ಮಿಲಿಮೀಟರ್ ಅಗಲದ ಮೈಯ ಮೇಲೆ ಆ 1 ಡಿಗ್ರಿ ಎಂದರೆ ಅಂಚಿನಲ್ಲಿ ಅರ್ಧ ಮಿಲಿಮೀಟರ್, ಉಗುರಿನ ದಪ್ಪದಷ್ಟು. ನನ್ನ ಗಾಡಿಯನ್ನು ಆ ಹುಡುಗ 'ಒಂದಿಷ್ಟು' ತಿರುವಿದ್ದ. ಆಮೇಲೆ ಬೆಳಕು ಬಿಟ್ಟು ನೋಡಿದರೆ ಕಿಡಿ ಹಾರುತ್ತಿದ್ದದ್ದು ಟಿಡಿಸಿ ದಾಟಿದ ಮೇಲೆ.

ಕಿಡಿ ತಡವಾದರೆ ಬೆಂಕಿ ಪಿಸ್ಟನ್ನನ್ನು ತಳ್ಳುವ ಬದಲು ಸೈಲೆನ್ಸರ್ ಕಡೆ ಓಡುತ್ತದೆ. ಎಕ್ಸಾಸ್ಟ್ ಕೆಂಪಗೆ ಕಾಯುತ್ತದೆ, ರೇಡಿಯೇಟರ್ ಕುದಿಯುತ್ತದೆ, ಅದೇ ವೇಗಕ್ಕೆ ಕಾಲು ಹೆಚ್ಚು ಒತ್ತಬೇಕಾಗುತ್ತದೆ. ನಾಕಿಂಗ್ ಹೋಯಿತೆಂದು ಖುಷಿಪಟ್ಟು ಹೆಡ್ ಗ್ಯಾಸ್ಕೆಟ್ ಕಳೆದುಕೊಂಡವರು ನಮ್ಮೂರಲ್ಲೇ ಇದ್ದಾರೆ.

ಹೋದದ್ದು ವಾಪಸ್ ಬರುತ್ತದೆಯೇ

ಇಲ್ಲಿಂದ ಮುಂದಿನದು ಗ್ಯಾರೇಜುಗಳಲ್ಲಿ ಯಾರೂ ಮಾಡದ ಪರೀಕ್ಷೆ. ಹತ್ತು ನಿಮಿಷ ಸಾಕು, ಆದರೆ ಇನ್ನೊಬ್ಬರು ಜೊತೆಗಿರಬೇಕು.

ವ್ಯಾಕ್ಯೂಮ್ ಪೈಪ್ ಬಿಚ್ಚಿಯೇ ಇರಲಿ. ಜೊತೆಗಿರುವವರು ಆಕ್ಸಿಲರೇಟರನ್ನು ನಿಧಾನವಾಗಿ ಏರಿಸಲಿ: 1500, 2000, 2500, 3000. ನೀವು ಗುರುತು ಸರಿಯುವುದನ್ನು ನೋಡಿ. ಮೆಲ್ಲಗೆ, ಒಂದೇ ಸಮನೆ ಮುಂದೆ ಸರಿಯಬೇಕು. ಹಲವು ಹಳೆಯ ಎಂಜಿನ್ನುಗಳಲ್ಲಿ 3000 ದಾಟುವ ಹೊತ್ತಿಗೆ ಒಟ್ಟು 30 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. 1500ರಲ್ಲೇ ಧಡಕ್ಕನೆ ಪೂರ್ತಿ ಮುಂದೆ ಜಿಗಿದರೆ ಒಂದು ಸ್ಪ್ರಿಂಗ್ ಮುರಿದಿದೆ ಅಥವಾ ಎಳೆದು ಸಡಿಲವಾಗಿದೆ. ಬಿಟ್ಟು ಬಿಟ್ಟು ಜಿಗಿದರೆ ತೂಕಗಳು ಅಂಟಿಕೊಂಡಿವೆ.

ಈಗ ಮುಖ್ಯವಾದದ್ದು. 3000ದಿಂದ ಕಾಲನ್ನು ಒಮ್ಮೆಗೇ ಎತ್ತಿಸಿ. ಐಡಲ್‌ಗೆ ಬಂದೊಡನೆ ಗುರುತು ಮೊದಲಿದ್ದ ಜಾಗಕ್ಕೇ ಬಂದು ಕೂರಬೇಕು. ಮೂರು ನಾಲ್ಕು ಡಿಗ್ರಿ ಮುಂದೆಯೇ ನಿಂತು ಆಮೇಲೆ ತೆವಳಿಕೊಂಡು ಹಿಂದಕ್ಕೆ ಬಂದರೆ ಕಳ್ಳ ಸಿಕ್ಕಿದ. ಹೀಗೆ ಐದಾರು ಸಲ ಮಾಡಿ; ಒಂದೊಂದು ಸಲ ಒಂದೊಂದು ಜಾಗಕ್ಕೆ ಬಂದರೂ ಅದೇ ರೋಗ.

ಎಂಜಿನ್ ಆರಿಸಿ, ಕ್ಯಾಪ್ ತೆಗೆದು ರೋಟರನ್ನು ಅದು ತಿರುಗುವ ದಿಕ್ಕಿಗೆ ಬೆರಳಿನಿಂದ ತಿರುವಿ ಬಿಟ್ಟರೂ ಗೊತ್ತಾಗುತ್ತದೆ. ಚಟ್ಟನೆ ವಾಪಸ್ ಬರಬೇಕು. ಸೋಮಾರಿ ಎತ್ತಿನಂತೆ ಎದ್ದರೆ ಒಳಗೆ ಜಿಡ್ಡು. ಸಂಡೂರಿನ ಕಡೆ ಓಡಾಡುವ ಗಾಡಿಗಳಲ್ಲಿ ಇದು ಇನ್ನೂ ಹೆಚ್ಚು: ಅದಿರಿನ ಕೆಂಧೂಳು ಹಳೆಯ ಗ್ರೀಸಿನ ಜೊತೆ ಕಲೆತು ಕುಂಕುಮದ ಕೆಸರಿನಂತಾಗಿರುತ್ತದೆ. ನನ್ನ ಡಿಸ್ಟ್ರಿಬ್ಯೂಟರ್ ಬಿಚ್ಚಿದಾಗ ಮೇಸ್ತ್ರಿ ಆ ಕೆಸರನ್ನು ಬೆರಳಿಗೆ ಹಚ್ಚಿಕೊಂಡು "ಗಣಿ ಅರ್ಧ ನಿನ್ ಗಾಡ್ಯಾಗೈತಲ್ಲೋ" ಎಂದರು.

ಸ್ವಚ್ಛ ಮಾಡಲು ಬಿಚ್ಚುವ ಮೊದಲು ಮೈಗೂ ಎಂಜಿನ್ ಬ್ಲಾಕಿಗೂ ಸೇರುವಂತೆ ಒಂದು ಗೀಟು ಗೀರಿ, ರೋಟರ್ ಯಾವ ಕಡೆ ಮುಖ ಮಾಡಿದೆ ಎಂದು ಫೋನಿನಲ್ಲಿ ಫೋಟೋ ತೆಗೆದಿಡಿ. ತೆಗೆದಿಟ್ಟಾಗ ಕ್ರ್ಯಾಂಕ್ ತಿರುಗಿಸಬೇಡಿ. ಪ್ಲಗ್ ವೈರುಗಳಿಗೆ ನಂಬರ್ ಅಂಟಿಸಿ; ಓಮ್ನಿಯ ಮೂರು ಸಿಲಿಂಡರಿಗೆ ಫೈರಿಂಗ್ ಆರ್ಡರ್ (ಕಿಡಿ ಹಾರುವ ಸರದಿ) 1-3-2, ಅಂಬಾಸಿಡರ್, ಪದ್ಮಿನಿಗಳ ನಾಲ್ಕಕ್ಕೆ 1-3-4-2. ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೂಕ, ಪಿನ್ನು, ತಟ್ಟೆ ತೊಳೆದು ಒರೆಸಿ, ಪಿನ್ನುಗಳಿಗೆ ತೆಳ್ಳಗಿನ ಎಣ್ಣೆ ಒಂದೊಂದು ಹನಿ. ಗ್ರೀಸು ಮೆತ್ತಬೇಡಿ, ಎರಡೇ ಬೇಸಿಗೆಗೆ ಅದು ಮತ್ತೆ ಕೆಸರಾಗುತ್ತದೆ. ಎರಡು ಸ್ಪ್ರಿಂಗ್ ಬೇರೆ ಬೇರೆ ದಪ್ಪ ಇದ್ದರೆ ಗಾಬರಿಯಾಗಬೇಡಿ, ಹಲವು ಡಿಸ್ಟ್ರಿಬ್ಯೂಟರುಗಳಲ್ಲಿ ಮಾಡಿರುವುದೇ ಹಾಗೆ. ಎರಡನ್ನೂ ಒಂದೇ ರೀತಿ ಮಾಡಲು ಹೋಗಿ ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕಿದವರನ್ನು ನಾನು ನೋಡಿದ್ದೇನೆ.

ವ್ಯಾಕ್ಯೂಮ್ ಪೈಪ್ ಎಲ್ಲಿ ಕೂತಿದೆ

ನನ್ನ ಗಾಡಿಯ ಎರಡನೇ ಕಳ್ಳ ಇಲ್ಲಿದ್ದ. ಬಹುಪಾಲು ಕಾರ್ಬುರೇಟರ್ ಗಾಡಿಗಳಲ್ಲಿ ಡಬ್ಬಿಯ ಪೈಪ್ ಬರುವುದು ಥ್ರಾಟಲ್ ತಟ್ಟೆಗಿಂತ ಕೂದಲೆಳೆಯಷ್ಟು ಮೇಲಿರುವ ತೂತಿನಿಂದ. ಕಾಲು ಎತ್ತಿದರೆ ಅಲ್ಲಿ ಸೆಳೆತವಿಲ್ಲ, ಹಗುರವಾಗಿ ಒತ್ತಿದಾಗ ಸೆಳೆತ, ಪೂರ್ತಿ ಒತ್ತಿದರೆ ಮತ್ತೆ ಇಲ್ಲ. ಯಾರೋ ಹಿಂದಿನವರು ನನ್ನ ಗಾಡಿಯ ಪೈಪನ್ನು ಥ್ರಾಟಲ್ ತಟ್ಟೆಯ ಆಚೆ ಎಂಜಿನ್ ಕಡೆಗಿರುವ ಮ್ಯಾನಿಫೋಲ್ಡಿಗೆ ಚುಚ್ಚಿದ್ದರು. ಮ್ಯಾನಿಫೋಲ್ಡಿನಲ್ಲಿ ಕಾಲು ಎತ್ತಿದಾಗಲೇ ಸೆಳೆತ ಅತಿ ಹೆಚ್ಚು. ಗೇರ್ ಬದಲಿಸಲು ಕಾಲು ಎತ್ತಿದ ಕ್ಷಣ ಡಬ್ಬಿ ತನ್ನ ಶಕ್ತಿಯೆಲ್ಲ ಹಾಕಿ ಅಡ್ವಾನ್ಸ್ ಎಳೆಯುತ್ತಿತ್ತು, ನಾನು ಒತ್ತುವಷ್ಟರಲ್ಲಿ ಕೆಸರು ಮೆತ್ತಿದ ತಟ್ಟೆ ವಾಪಸ್ ಬರುತ್ತಿರಲಿಲ್ಲ. ಇಬ್ಬರು ಕಳ್ಳರು ಕೈಜೋಡಿಸಿದ್ದರು.

ಪರೀಕ್ಷೆ ಸುಲಭ. ಐಡಲ್‌ನಲ್ಲಿ ಪೈಪ್ ಬಿಚ್ಚಿ ತುದಿಗೆ ಬೆರಳಿಡಿ. ಸೆಳೆಯಬಾರದು. ಸ್ವಲ್ಪ ರೇಸ್ ಕೊಟ್ಟಾಗ ಸೆಳೆಯಬೇಕು. ಕೆಲವು ಎಂಜಿನ್ನುಗಳನ್ನು ಮ್ಯಾನಿಫೋಲ್ಡ್ ಸೆಳೆತಕ್ಕೇ ಮಾಡಿರುತ್ತಾರೆ, ಅಂಥದ್ದನ್ನು ಮ್ಯಾನ್ಯುಯಲ್ ನೋಡದೆ ಬದಲಿಸಬೇಡಿ.

ಡಬ್ಬಿಯ ಒಳಗಿನ ಡಯಾಫ್ರಮ್ ನೋಡಲು ಸಿರಿಂಜು. ಪೈಪ್ ಕೂಡಿಸಿ ಎಳೆದು ಹಿಡಿದರೆ ಒಳಗಿನ ತಟ್ಟೆ ಸರಿದು ಅಲ್ಲೇ ನಿಲ್ಲಬೇಕು. ಸಿರಿಂಜಿನ ಹಿಡಿಕೆ ಸುಲಭವಾಗಿ ಬಂದು ತಟ್ಟೆ ಅಲುಗದಿದ್ದರೆ ಡಯಾಫ್ರಮ್ ಹರಿದಿದೆ. ಅದರಿಂದ ಮೈಲೇಜ್ ಹೋಗುತ್ತದೆ, ಐಡಲ್ ಒದರಾಡುತ್ತದೆ, ಆದರೆ ನಾಕಿಂಗಿಗೆ ಅದು ಸಾಮಾನ್ಯವಾಗಿ ಕಾರಣವಲ್ಲ. ಎಳೆದದ್ದನ್ನು ಬಿಟ್ಟಾಗ ತಟ್ಟೆ ಟಪ್ಪೆಂದು ಹಿಂದೆ ಬರುತ್ತದೆಯೇ ಎಂಬುದೇ ನಮಗೆ ಬೇಕಾದ ಉತ್ತರ. ಬಾಯಿಂದ ಎಳೆದು ನೋಡುವ ಪದ್ಧತಿಯೂ ಇದೆ. ಪೆಟ್ರೋಲ್ ಹಬೆ ಕುಡಿಯುವ ಹಂಬಲವಿದ್ದವರು ಮಾಡಲಿ.

ರಸ್ತೆಗೆ ಇಳಿದಾಗ

ತೊಳೆದು, ಪೈಪ್ ಸರಿಪಡಿಸಿ, ಬೇಸ್ ಟೈಮಿಂಗನ್ನು ಕಂಪನಿ ಹೇಳಿದಲ್ಲಿಗೆ ತಂದ ಮೇಲೆ ಓಡಿಸಿ ನೋಡಬೇಕು. ವಾಹನ ಸಂದಣಿ ಇಲ್ಲದ, ಸಣ್ಣ ಏರಿರುವ, ಚೆನ್ನಾಗಿ ಕಾಣುವ ಒಂದು ತುಂಡು ರಸ್ತೆ ಆರಿಸಿಕೊಳ್ಳಿ. ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ನಡುವೆ ಅಲ್ಲ. ಒಬ್ಬರು ಓಡಿಸಲಿ, ಇನ್ನೊಬ್ಬರು ಕಿಟಕಿ ಇಳಿಸಿ ಕಿವಿಗೊಡಲಿ. ಪ್ರತಿ ಸಲವೂ ಅದೇ ರಸ್ತೆ, ಅದೇ ಭಾರ, ಅದೇ ಗೇರ್. ವೇಗದ ಮಿತಿಯೊಳಗೇ ಈ ಸದ್ದು ಕೇಳಿಸುತ್ತದೆ, ರೇಸು ಬೇಕಾಗಿಲ್ಲ.

ಪರೀಕ್ಷೆಯ ಹೊತ್ತು ಮಧ್ಯಾಹ್ನವಾಗಿರಲಿ. ಡಿಸೆಂಬರ್ ಮುಂಜಾನೆ ಒಗ್ಗರಣೆ ಮಿರ್ಚಿ ತಿಂದು ತಂಪಿನಲ್ಲಿ ಹೊಂದಿಸಿದ ಟೈಮಿಂಗ್ ಮೇ ತಿಂಗಳ 40 ದಾಟಿದ ಬಿಸಿಲಿನಲ್ಲಿ ಮಾತು ಕೇಳುವುದಿಲ್ಲ. ಎಂಜಿನ್ ಒಳಗೆ ಹೋಗುವ ಗಾಳಿ ಕಾದಷ್ಟೂ ಮೂಲೆಯ ಮಿಶ್ರಣ ಬೇಗ ಹೊತ್ತಿಕೊಳ್ಳುತ್ತದೆ. ರಾಯಚೂರಿನವರಿಗೆ ಇದನ್ನು ಹೇಳುವ ಅಗತ್ಯವೇ ಇಲ್ಲ.

ಇನ್ನೂ ಸಣ್ಣಗೆ ಸಿಡಿಯುತ್ತಿದ್ದರೆ ಈಗ ಡಿಸ್ಟ್ರಿಬ್ಯೂಟರ್ ಮುಟ್ಟಬಹುದು. ಒಂದು ಸಲಕ್ಕೆ ಕ್ರ್ಯಾಂಕಿನ ಲೆಕ್ಕದಲ್ಲಿ 2 ಡಿಗ್ರಿ ಹಿಂದೆ, ಎಂದರೆ ಅಂಚಿನಲ್ಲಿ ಆ ಅರ್ಧ ಮಿಲಿಮೀಟರ್. ಮತ್ತೆ ಓಡಿಸಿ. ಕಂಪನಿಯ ಅಂಕಿಗಿಂತ 4 ಡಿಗ್ರಿ ಹಿಂದೆ ಬಂದರೂ ನಿಲ್ಲದಿದ್ದರೆ ಕೈ ತೆಗೆಯಿರಿ. ರೋಗ ಬೇರೆ ಕಡೆ ಇದೆ, ಟೈಮಿಂಗನ್ನು ವಾಪಸ್ ಮೊದಲಿನ ಜಾಗಕ್ಕೆ ತಂದಿಡಿ.

ಓಡಿಸುವವರ ಕಾಲಿನ ಬಗ್ಗೆಯೂ ಒಂದು ಮಾತು, ಮುನಿಸಿಕೊಳ್ಳಬೇಡಿ. ಇಪ್ಪತ್ತೈದರ ವೇಗಕ್ಕೆ ಮೂರನೇ ಗೇರ್ ಹಾಕಿ ಕಾಲನ್ನು ನೆಲಕ್ಕೆ ಒತ್ತಿದರೆ ಯಾವ ಟೈಮಿಂಗೂ ಕಾಪಾಡುವುದಿಲ್ಲ. ಕ್ಲಚ್ ಪೂರ್ತಿ ಹಿಡಿದ ಮೇಲೆ ಅರ್ಧ ಒತ್ತಿ, ಎಂಜಿನ್ ಎಳೆಯತೊಡಗಿದಾಗ ಉಳಿದರ್ಧ.

ನಿಲ್ಲದಿದ್ದರೆ ಎಲ್ಲಿ ನೋಡಬೇಕು

ಮೊದಲು ಗ್ಯಾಸ್ ಕಿಟ್. ನಮ್ಮ ಕಡೆಯ ಓಮ್ನಿಗಳಲ್ಲಿ ಎಲ್‌ಪಿಜಿ ಓಡದ ಗಾಡಿ ಅಪರೂಪ. ಎಲ್‌ಪಿಜಿಯ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಪೆಟ್ರೋಲಿಗಿಂತ ಹೆಚ್ಚು, ಅದಕ್ಕೆ ಕಿಟ್ ಕೂಡಿಸುವವರು ಟೈಮಿಂಗ್ ಮುಂದೆ ಮಾಡುತ್ತಾರೆ. ಗ್ಯಾಸ್ ಮುಗಿದು ಪೆಟ್ರೋಲಿಗೆ ತಿರುಗಿಸಿದಾಗ ಅದೇ ಟೈಮಿಂಗ್ ಅರಳು ಹುರಿಯುತ್ತದೆ. ಎರಡೂ ಓಡಿಸುವವರು ಪೆಟ್ರೋಲಿಗೆ ಹೊಂದಿಸಿ, ಗ್ಯಾಸಿನಲ್ಲಿ ಪಿಕಪ್ ಒಂದಿಷ್ಟು ಕಡಿಮೆಯಾದರೆ ಸಹಿಸಿಕೊಳ್ಳುವುದೇ ಲೇಸು.

ಎರಡನೆಯದು ಆಕ್ಸಿಲರೇಟರ್ ಪಂಪ್. ಏರ್ ಫಿಲ್ಟರ್ ತೆಗೆದು, ಎಂಜಿನ್ ಆರಿಸಿಟ್ಟು, ಕಾರ್ಬುರೇಟರಿನ ಗಂಟಲಿಗೆ ಕಣ್ಣಿಟ್ಟು ಥ್ರಾಟಲ್ ಎಳೆಯಿರಿ. ಎಳೆದ ಕ್ಷಣವೇ ಪೆಟ್ರೋಲ್ ಚಿಮ್ಮಬೇಕು. ತಡವಾಗಿ ಜಿನುಗಿದರೆ ಗೇರ್ ಬಿದ್ದ ಅರೆಕ್ಷಣ ಮಿಶ್ರಣ ತೆಳುವಾಗಿ, ಬಿಸಿಯಾಗಿ, ಸಿಡಿಯುತ್ತದೆ. ಪಂಪಿನ ಡಯಾಫ್ರಮ್ ಕಿಟ್ ದುಬಾರಿಯೇನಲ್ಲ.

ಇದಕ್ಕೆ ಈಗಿನ ಪೆಟ್ರೋಲೂ ಸೇರಿಕೊಂಡಿದೆ. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು, ಈಗ ಬಹುಪಾಲು ಬಂಕುಗಳಲ್ಲಿ ಅದೇ. ಎಥನಾಲ್ ನಾಕಿಂಗಿಗೆ ಶತ್ರು, ಅದರ ಆಕ್ಟೇನ್ 100ಕ್ಕೂ ಮೇಲೆ. ಹಾಗಿದ್ದರೆ ಸದ್ದು ಕಡಿಮೆಯಾಗಬೇಕಲ್ಲವೇ? ಇಂಜೆಕ್ಷನ್ ಗಾಡಿಗಳಲ್ಲಿ ಆಗುತ್ತದೆ. ಕಾರ್ಬುರೇಟರಿಗೆ ಒಂದು ತೊಡಕಿದೆ: ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಈ ಬೆರಕೆಗೆ ಸುಮಾರು 13.5 ಸಾಕು. ಪೆಟ್ರೋಲ್ ಬಿಡುವ ಹಳೆಯ ಜೆಟ್ ಹಳೆಯ ಲೆಕ್ಕದಲ್ಲೇ ಸುರಿಯುತ್ತದೆ, ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರ್ ಪೈಪು, ಡಯಾಫ್ರಮ್‌ಗಳನ್ನೂ ಎಥನಾಲ್ ಗಟ್ಟಿ ಮಾಡಿ ಬಿರಿಸುತ್ತದೆ. ವ್ಯಾಕ್ಯೂಮ್ ಪೈಪ್ ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಾಯಿಸಿ.

ಮೂರನೆಯದು ನೀರು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಬೋರ್‌ವೆಲ್ ನೀರು ಬಹಳ ಕಡೆ ಸವಳು. ಅದನ್ನೇ ರೇಡಿಯೇಟರಿಗೆ ಸುರಿದರೆ ಒಳಗೆ ಸ್ನಾನದ ಹಂಡೆಯಂತೆ ಪದರ ಕಟ್ಟುತ್ತದೆ, ಹೆಡ್ ತಣ್ಣಗಾಗುವುದಿಲ್ಲ. ಕೂಲಂಟ್ ಹಾಕಿ, ಬೆರೆಸಲು ಡಿಸ್ಟಿಲ್ಡ್ ನೀರು ತನ್ನಿ. "ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಯಾಕ್ ಬೇಕು" ಎಂದು ಕಿತ್ತೆಸೆಯುವ ಚಟವೂ ಇಲ್ಲಿದೆ. ಅದರಿಂದ ರೋಗ ಹೋಗುವುದಿಲ್ಲ, ಮುಚ್ಚಿಹೋಗುತ್ತದೆ.

ಪ್ಲಗ್ಗಿನ ಹೀಟ್ ರೇಂಜ್ (ಬಿಸಿ ಬಿಟ್ಟುಕೊಡುವ ಅಳತೆ) ತಪ್ಪಿರಬಹುದು. ಎನ್‌ಜಿಕೆ ಪ್ಲಗ್ಗಿನಲ್ಲಿ ಅಂಕಿ ದೊಡ್ಡದಾದಷ್ಟು ತಣ್ಣಗಿನ ಪ್ಲಗ್, ಬಾಷ್‌ನಲ್ಲಿ ತಿರುಗುಮುರುಗು. ಅಂಗಡಿಯವರು 'ಅದೇ ಸೈಜು' ಎಂದು ಕೊಟ್ಟದ್ದು ಅದೇ ಪ್ಲಗ್ ಆಗಿರಬೇಕೆಂದಿಲ್ಲ. ಇವೆಲ್ಲ ಸರಿಯಿದ್ದೂ ನಿಲ್ಲದಿದ್ದರೆ ಹೆಡ್ ಬಿಚ್ಚಿ ಕಾರ್ಬನ್ ಕೆರೆಸುವುದೇ ಉಳಿದ ದಾರಿ.

ಬುಲೆಟ್, ಮತ್ತು ಹೊಸ ಗಾಡಿ

ಪಾಯಿಂಟ್ ಇರುವ ಹಳೆಯ ಕಾಸ್ಟ್ ಐರನ್ ಬುಲೆಟ್ 350ಕ್ಕೆ ವ್ಯಾಕ್ಯೂಮ್ ಡಬ್ಬಿಯ ಗೊಡವೆ ಇಲ್ಲ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್, ಅಡ್ವಾನ್ಸ್ ಪೂರ್ತಿ ಹಿಂದಿದ್ದಾಗ ಪಿಸ್ಟನ್ ಟಿಡಿಸಿಗೆ 0.8 ಮಿಲಿಮೀಟರ್ ಮೊದಲು ಪಾಯಿಂಟ್ ತೆರೆಯಬೇಕು. ತೂಕಗಳ ಆಟ ಇಲ್ಲೂ ಅದೇ: ಬೆರಳಿನಿಂದ ತಿರುವಿ ಬಿಟ್ಟರೆ ಚಟ್ಟನೆ ಬರಬೇಕು.

ಬಹುಪಾಲು ಇಂಜೆಕ್ಷನ್ ಗಾಡಿಗಳಲ್ಲಿ ತಿರುವಲು ಏನೂ ಇಲ್ಲ, ಕಂಪ್ಯೂಟರೇ ಕಿಡಿ ನಿರ್ಧರಿಸುತ್ತದೆ. ನಾಕ್ ಸೆನ್ಸರ್ ಇದ್ದರೆ ಸದ್ದು ನಮ್ಮ ಕಿವಿಗೆ ಬೀಳುವ ಮೊದಲೇ ಅದು ಕೇಳಿಸಿಕೊಂಡು ಟೈಮಿಂಗ್ ಹಿಂದೆ ಎಳೆಯುತ್ತದೆ. ಆದರೂ ಗೇರ್ ಹಾಕಿದಾಗ ಸಿಡಿದರೆ ಆ ಸೆನ್ಸರಿನ ಬೋಲ್ಟ್ ಸಡಿಲವೋ, ಕೂಲಂಟ್ ಟೆಂಪರೇಚರ್ ಸೆನ್ಸರ್ ಸುಳ್ಳು ಹೇಳುತ್ತಿದೆಯೋ ನೋಡಿಸಿ. ರೀಮ್ಯಾಪ್ ಮಾಡಿಸಿದ (ಕಂಪ್ಯೂಟರಿನೊಳಗಿನ ಕಿಡಿಯ ಲೆಕ್ಕ ಬದಲಿಸಿದ) ಗಾಡಿಯಾದರೆ ಇಡೀ ಮ್ಯಾಪನ್ನು ಹಿಂದೆ ಎಳೆಯುವುದಕ್ಕೆ ಒಪ್ಪಬೇಡಿ. ಗೇರ್ ಬಿದ್ದ ಮೇಲೆ ಎಂಜಿನ್ ಹಾದುಹೋಗುವ ಜಾಗ, ಎಂದರೆ 2000ದಿಂದ 3000 ಆರ್‌ಪಿಎಂ, ಪೂರ್ತಿ ಲೋಡ್, ಅಷ್ಟರಲ್ಲಿ ಮಾತ್ರ ಎರಡು ಡಿಗ್ರಿ ತೆಗೆಸಿ.

ಪಾಯಿಂಟ್ ಹೊಸದಾಗಿ ಹಾಕಿದ್ದರೆ 500 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬೆಳಕು ಬಿಟ್ಟು ನೋಡಿ. ಪಾಯಿಂಟಿನ ಹಿಮ್ಮಡಿ ಸವೆದು ಗ್ಯಾಪ್ ಕಡಿಮೆಯಾಗಿ ಟೈಮಿಂಗ್ ಒಂದಿಷ್ಟು ಹಿಂದೆ ಬಂದಿರುತ್ತದೆ. ನನ್ನ ಓಮ್ನಿಯ ಬೇಸ್ ಟೈಮಿಂಗ್, ಐಡಲ್, ನೋಡಿದ ತಾರೀಕು ಮೂರನ್ನೂ ಅದೇ ಬಿಳಿ ಪೇಂಟಿನಲ್ಲಿ ಸೀಟಿನ ಅಡಿಯ ತಗಡಿನ ಮೇಲೆ ಬರೆದಿಟ್ಟಿದ್ದೇನೆ. ಮುಂದೆ ಯಾವ ಹುಡುಗ ಸೀಟು ಎತ್ತಿದರೂ ಮೊದಲು ಅವನ ಕಣ್ಣಿಗೆ ಬೀಳುವುದು ಅದೇ, ಅದರ ಕೆಳಗೆ ಇನ್ನೊಂದು ಸಾಲು: "ತಿರುವುವ ಮೊದಲು ಪೈಪ್ ನೋಡಪ್ಪಾ."